ಕೇಸು ಮುಗಿಯುವ ತನಕ ಹುಡುಗಿ ಏನು ತಿನ್ನಬೇಕು?

ಗ್ಲಾಸ್ಗೋದಲ್ಲಿ ನನ್ನ ನಿತ್ಯದ ಕೆಲಸ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡುವುದು. ಅದರ ಜೊತೆ ಆಗಾಗ ದುಭಾಷಿ ಕೆಲಸಕ್ಕೂ ಕರೆಯುತ್ತಾರೆ. ರಾಯಚೂರು ಕಡೆಯವರಿಗೆ ಇದು ಪುಕ್ಕಟೆ ಸಿಕ್ಕ ವಿದ್ಯೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್‌ಸ್ಟ್ಯಾಂಡಿನಲ್ಲಿ ಉರ್ದು. ಯಾರೂ ಕಲಿಸಲಿಲ್ಲ, ಯಾರೂ ಪರೀಕ್ಷೆ ಇಡಲಿಲ್ಲ. ಇಲ್ಲಿ ಅದಕ್ಕೇ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ ಅಂದಾಗ ಅವ್ವ ನಂಬಲೇ ಇಲ್ಲ.

ಒಮ್ಮೆ ತೆಲುಗಿಗೆ ಬೇಕು ಅಂತ ಕರೆದರು. ಯಾರು, ಯಾವ ಊರು ಅಂತ ಹೇಳುವ ಹಾಗಿಲ್ಲ. ಮನೆಗೆಲಸಕ್ಕೆ ಅಂತ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದು, ಪಾಸ್‌ಪೋರ್ಟ್ ಕಸಿದಿಟ್ಟುಕೊಂಡು, ಸಂಬಳ ಕೊಡದೆ ದುಡಿಸಿದ್ದರು. ಮಾನವ ಸಾಗಾಣಿಕೆಯ ಪ್ರಕರಣ, ಇಷ್ಟು ಸಾಕು. ಆಕೆಗೆ ನೆರವಾಗಲು ಬಂದಿದ್ದ ಹುಡುಗಿ ಒಂದು ಹಾಳೆ ಮುಂದಿಟ್ಟುಕೊಂಡು ಒಂದೊಂದಾಗಿ ಹೇಳುತ್ತಾ ಹೋದಳು. ಇರಲು ಜಾಗ. ವಾರಕ್ಕೆ ಕೈಖರ್ಚು. ಡಾಕ್ಟರು. ವಕೀಲರು. ಇಂಗ್ಲಿಷ್ ಕ್ಲಾಸು. ಹಲ್ಲಿನ ಡಾಕ್ಟರು. ಆ ಹೆಂಗಸು ಮಾತಾಡುವಾಗ ಬಲಗೆನ್ನೆ ಹಿಡಿದುಕೊಳ್ಳುತ್ತಿದ್ದುದನ್ನು ನಾನು ನೋಡಿರಲಿಲ್ಲ, ಆ ಹುಡುಗಿ ನೋಡಿದ್ದಳು. ಕೊನೆಗೆ ಅಂದಳು: ಪೊಲೀಸರಿಗೆ ದೂರು ಕೊಡುವುದು ಬಿಡುವುದು ನಿಮ್ಮಿಷ್ಟ. ಕೊಡದಿದ್ದರೂ ಇದರಲ್ಲಿ ಯಾವುದೂ ನಿಲ್ಲುವುದಿಲ್ಲ.

ನಾನು ಇನ್ನೊಮ್ಮೆ ಹೇಳಿ ಅಂತ ಕೇಳಿದೆ. ಕೇಳಿಸಲಿಲ್ಲ ಅಂತಲ್ಲ, ನಂಬಿಕೆ ಬರಲಿಲ್ಲ. ಆ ಹೆಂಗಸಿಗೂ ಬರಲಿಲ್ಲ. ಸಾಕ್ಷಿ ಹೇಳೋದಿಲ್ಲ ಅಂದರೆ ಹೊರಗೆ ಹಾಕ್ತಾರೇನಮ್ಮಾ ಅಂತ ನನ್ನನ್ನೇ ಕೇಳಿದಳು. ನಾನು ಕೇಳಿ ಹೇಳಿದೆ. ಹಾಕುವುದಿಲ್ಲ ಅಂದರು. ಮತ್ತೆ ಕೇಳಿದಳು. ಮತ್ತೆ ಅದೇ ಉತ್ತರ.

ಬಸ್ಸಿನಲ್ಲಿ ವಾಪಸ್ ಬರುವಾಗ ಖುಷಿಗಿಂತ ಜಾಸ್ತಿ ಆಗಿದ್ದು ಹೊಟ್ಟೆಯುರಿ. ಯಾಕೆ ಅಂತ ಹೇಳುತ್ತೇನೆ.

ಮಾನ್ವಿ ತಾಲೂಕಿನ ನಮ್ಮೂರಿನಲ್ಲಿ, ನಮ್ಮ ಓಣಿಯಲ್ಲೇ ಒಬ್ಬ ಹುಡುಗಿ ಇದ್ದಾಳೆ. ಹುಡುಗಿ ಅನ್ನುತ್ತೇನೆ, ಈಗ ಮೂವತ್ತರ ಹತ್ತಿರ ಇರಬೇಕು. ಪುಣೆಯಲ್ಲಿ ಪ್ಯಾಕಿಂಗ್ ಕೆಲಸ, ತಿಂಗಳಿಗಿಷ್ಟು ಪಗಾರ ಅಂತ ಹೇಳಿ ಪರಿಚಯದವಳೇ ಕರೆದುಕೊಂಡು ಹೋದಳು. ಅಲ್ಲಿ ಪ್ಯಾಕಿಂಗ್ ಇರಲಿಲ್ಲ. ರೇಡ್ ಆಯಿತು, ಪಂಚನಾಮೆ ಆಯಿತು, ಇವಳನ್ನು ಒಂದು ಹೋಮಿಗೆ ಹಾಕಿದರು. ನಾನು ಊರಿಗೆ ಹೋದಾಗ ರೊಟ್ಟಿ ಬಡಿಯುತ್ತಾ ಕೂತು ಅದರ ಬಗ್ಗೆ ಹೇಳಿದ್ದು ಒಂದೇ ಮಾತು. "ಅಲ್ಲೂ ಕೀಲಿ ಹಾಕ್ತಿದ್ರು, ಇಲ್ಲೂ ಕೀಲಿ ಹಾಕ್ತಿದ್ರು ಯಕ್ಕ. ಇಲ್ಲಿ ಟೀವಿ ಇತ್ತು, ಅಷ್ಟ."

ಇದು ಆ ಹೋಮಿನವರ ಕೆಟ್ಟತನ ಅಂತ ನಾನು ಹೇಳುವುದಿಲ್ಲ. ಕಾಯ್ದೆಯೇ ಹಾಗಿದೆ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ, ಬಿಡಿಸಿ ತಂದ ಹೆಂಗಸನ್ನು ಮ್ಯಾಜಿಸ್ಟ್ರೇಟರು ರಕ್ಷಣಾ ಗೃಹದಲ್ಲಿ 1 ವರ್ಷದಿಂದ 3 ವರ್ಷದವರೆಗೆ ಇಡಬಹುದು. ಆಕೆ ತಪ್ಪು ಮಾಡಿದವಳಲ್ಲ, ತಪ್ಪಿಗೆ ಸಿಕ್ಕಿಬಿದ್ದವಳು. ಆದರೂ 3 ವರ್ಷ. ಅದೇ ಕಾಯ್ದೆಯ 8ನೇ ಕಲಂ ಇನ್ನೂ ಚೆಂದ. ಬೀದಿಯಲ್ಲಿ ನಿಂತು ಗಿರಾಕಿ ಕರೆದ ಹೆಂಗಸಿಗೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು. ಅದೇ ಕೆಲಸ ಗಂಡಸು ಮಾಡಿದರೆ 7 ದಿನದಿಂದ 3 ತಿಂಗಳು. ಆಕೆಯನ್ನು ಅಲ್ಲಿ ನಿಲ್ಲಿಸಿದವರು ಯಾರು ಅಂತ ಕೇಳುವ ಮೊದಲೇ ಶಿಕ್ಷೆಯ ಲೆಕ್ಕ ಬರೆದಿಟ್ಟಿದ್ದಾರೆ.

ಹುಡುಗಿ ಊರಿಗೆ ಬಂದ ಮೇಲೆ ಸಮನ್ಸುಗಳು ಬರಲು ಶುರುವಾದವು. ಕೇಸು ಇರುವುದು ಪುಣೆ ಕಡೆ. ಬದುಕು ಇರುವುದು ಮಾನ್ವಿ ಕಡೆ. ಪೇಶಿ ಇದ್ದಾಗಲೆಲ್ಲ ಇವಳು ರಾಯಚೂರಿಗೆ ಬಂದು, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಬೇಕು. ಹತ್ತಿ ಬಿಡಿಸುವ ದಿನಗಳಲ್ಲೇ ಪೇಶಿ ಬೀಳುತ್ತದೆ ಅಂತ ಅವಳ ದೂರು. ಹೋದರೆ ಕೂಲಿ ಹೋಯಿತು, ಹೋಗದಿದ್ದರೆ ವಾರಂಟು. ಅಲ್ಲಿಗೆ ಹೋದ ಮೇಲೆ ಇವತ್ತು ಸಾಹೇಬರು ರಜೆ ಅಂತ ಇನ್ನೊಂದು ತಾರೀಖು ಕೊಟ್ಟು ಕಳಿಸಿದ್ದೂ ಉಂಟು. ಹೋಗಿ ಬಂದ ಖರ್ಚು ಕೊಡಬೇಕು ಅಂತ ನಿಯಮ ಇದೆ. ಕೊಡುತ್ತಾರೆ, ನಿಧಾನವಾಗಿ ಕೊಡುತ್ತಾರೆ.

ಕಳೆದ ಸಲ ಊರಿಗೆ ಹೋದಾಗ ಪರಿಹಾರದ ಹಣದ ವಿಚಾರಕ್ಕೆ ಅವಳ ಜೊತೆ ನಾನೂ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಎಲ್ಲ ಕಡೆ ಇದೇ ಕಥೆ. ಅವಳ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇತ್ತು, ಬಟ್ಟೆ ಅಂಗಡಿಯದು. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ಆಧಾರ್ ಝೆರಾಕ್ಸ್, ಹೋಮಿನಿಂದ ಬಿಟ್ಟ ಪತ್ರ, ಮರಾಠಿಯಲ್ಲಿರುವ ಎಫ್‌ಐಆರ್ ಪ್ರತಿ, ನಾಲ್ಕಾಗಿ ಮಡಚಿ ಮಡಚಿ ಗೆರೆಯಲ್ಲೇ ಹರಿದಿದ್ದ ಸಮನ್ಸು. ಮಳೆಗೆ ನೆನೆಯಬಾರದು ಅಂತ ಎರಡು ಕವರ್. ಆ ಮರಾಠಿ ಕಾಗದದಲ್ಲಿ ಏನಿದೆ ಅಂತ ಅವಳಿಗೆ ಓದಲು ಬರುವುದಿಲ್ಲ. ಗುಮಾಸ್ತರಿಗೂ ಬರಲಿಲ್ಲ. ಅವರು ತಿರುವಿ ತಿರುವಿ ನೋಡಿ ಹೇಳಿದರು:

"ಕೇಸ್ ಏನಾತವ್ವ?"

"ನಡದೈತ್ರಿ."

"ಹಂಗಾದ್ರ ಕೇಸ್ ಮುಗೀಲಿ. ಮುಗದಮ್ಯಾಲ ಬಾ."

ನಾನು ಬಾಯಿ ಹಾಕಿದೆ. ಕೇಸ್ ಮುಗಿಯಬೇಕು ಅಂತ ಎಲ್ಲಿದೆ ಸಾರ್ ಅಂದೆ. ಅವರು ನನ್ನ ಚಪ್ಪಲಿ ನೋಡಿ, ಯಾವೂರವ್ವ ನಿಮ್ದು ಅಂದರು. ಹೇಳಿದೆ. ಹಾಗಾದರೆ ಅಪರಾಧ ನಡೆದದ್ದು ಮಹಾರಾಷ್ಟ್ರದಲ್ಲಿ, ಅಲ್ಲೇ ಕೇಳಿ ಅಂತ ಮಾತು ಬದಲಿಸಿದರು. ಅಲ್ಲಿ ಕೇಳಿದಾಗ ನೀನು ಕರ್ನಾಟಕದವಳು ಅಂದಿದ್ದರಂತೆ.

ಅವರು ಕೆಟ್ಟವರಲ್ಲ. ಚಹಾ ತರಿಸಿದರು ಬೇರೆ. ಆದರೆ ಅವರು ಹೇಳಿದ್ದು ಕಾನೂನಿನಲ್ಲಿ ಇಲ್ಲ. 2008ರ ತಿದ್ದುಪಡಿಯಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಂ ಸೇರಿಸಿದರು. ಈಗ ಅದೇ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 396ನೇ ಕಲಂ ಆಗಿ ಬಂದಿದೆ. ಅಪರಾಧಿ ಯಾರು ಅಂತ ಪತ್ತೆಯಾಗದೇ ಇದ್ದರೂ, ವಿಚಾರಣೆಯೇ ನಡೆಯದಿದ್ದರೂ ನೊಂದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ 2 ತಿಂಗಳಲ್ಲಿ ವಿಚಾರಣೆ ಮುಗಿಸಿ ಪರಿಹಾರ ತೀರ್ಮಾನಿಸಬೇಕು. ಚಿಕಿತ್ಸೆ ಮತ್ತು ತುರ್ತು ಖರ್ಚಿಗೆ ಮಧ್ಯಂತರ ನೆರವನ್ನೂ ಕೊಡಬಹುದು. ತೀರ್ಪು ಬೇಕಿಲ್ಲ. ಶಿಕ್ಷೆ ಬೇಕಿಲ್ಲ. ಇದೆಲ್ಲ ಪುಸ್ತಕದಲ್ಲಿದೆ. ಕೌಂಟರಿನಲ್ಲಿ ಮಾತ್ರ "ಕೇಸ್ ಮುಗೀಲಿ".

ಮನೆಗೆ ಬೆಂಕಿ ಬಿದ್ದವನಿಗೆ, ಹಚ್ಚಿದವನು ಸಿಕ್ಕು ಶಿಕ್ಷೆ ಆಗಲಿ, ಆಮೇಲೆ ಗಂಜಿ ಹಾಕ್ತೀವಿ ಅಂದ ಹಾಗಾಯಿತು ಇದು.

ನನ್ನ ತಕರಾರು ಇರುವುದು ಇದೊಂದರ ಬಗ್ಗೆ. ನಮ್ಮಲ್ಲಿ ಕಾಯ್ದೆ ಕಡಿಮೆ ಇಲ್ಲ. 1950ರ ಸಂವಿಧಾನದ 23ನೇ ವಿಧಿಯಲ್ಲೇ ಮನುಷ್ಯರ ಮಾರಾಟ ಮತ್ತು ಬಿಟ್ಟಿ ದುಡಿಮೆ ನಿಷೇಧ. 2013ರಲ್ಲಿ, ದೆಹಲಿ ಅತ್ಯಾಚಾರ ಪ್ರಕರಣದ ನಂತರ ನೇಮಿಸಿದ ವರ್ಮಾ ಸಮಿತಿ ಹೇಳಿದ ಮೇಲೆ, ಆಗಿನ ದಂಡ ಸಂಹಿತೆಯ (ಐಪಿಸಿ) 370ನೇ ಕಲಂ ಬದಲಾಯಿತು. ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 143ರಲ್ಲಿ ಸಾಗಾಣಿಕೆಗೆ ಕನಿಷ್ಠ 7 ವರ್ಷ ಶಿಕ್ಷೆ. ಶಿಕ್ಷೆ ಏರುತ್ತಲೇ ಬಂದಿದೆ. ಎಲ್ಲರಿಗೂ ಸಾಗಿಸಿದವನ ಮೇಲೆ ಕಣ್ಣು. ಸಾಗಿಸಲ್ಪಟ್ಟವಳು ಆ ಕೇಸಿನಲ್ಲಿ ಒಬ್ಬ ಸಾಕ್ಷಿ ಅಷ್ಟೆ. ಸಾಕ್ಷಿ ಹೇಳಿ ಮುಗಿದ ಮೇಲೆ ಯಾರಿಗೂ ಬೇಡ, ಹೇಳದಿದ್ದರೆ ಮೊದಲೇ ಬೇಡ.

ಸ್ಕಾಟ್ಲೆಂಡಿನವರು ಇದನ್ನು ತಿರುಗಿಸಿಟ್ಟಿದ್ದಾರೆ. 2015ರಲ್ಲಿ ಮಾನವ ಸಾಗಾಣಿಕೆ ಮತ್ತು ಶೋಷಣೆ ಕಾಯ್ದೆ ಮಾಡಿದರು. ಒಬ್ಬರು ಸಾಗಾಣಿಕೆಗೆ ಒಳಗಾಗಿರಬಹುದು ಅಂತ ನಂಬಲು ಸಾಕಷ್ಟು ಕಾರಣ ಇದ್ದರೆ ಸಾಕು, ಸಾಬೀತು ಆಗಬೇಕಿಲ್ಲ. ಆಗಿನಿಂದ 90 ದಿನ ನೆರವು ಕೊಡುವುದು ಸರ್ಕಾರದ ಕರ್ತವ್ಯ. ದಯೆ ಅಲ್ಲ, ಕರ್ತವ್ಯ ಅಂತ ಕಾಯ್ದೆಯಲ್ಲೇ ಇದೆ. ವಸತಿ, ಚಿಕಿತ್ಸೆ, ಮನಸ್ಸಿನ ಆರೈಕೆ, ಕಾನೂನು ಸಲಹೆ, ಭಾಷೆ ಬಾರದವರಿಗೆ ದುಭಾಷಿ. ನಾನು ಆ ಕೋಣೆಯಲ್ಲಿ ಕೂತಿದ್ದು ಆ ಕಾಯ್ದೆ ಹೇಳಿದ್ದಕ್ಕೇ. ಸಾಗಾಣಿಕೆಯ ಒತ್ತಡದಲ್ಲಿ ನೊಂದವರು ಏನಾದರೂ ತಪ್ಪು ಮಾಡಿದ್ದರೆ ಅವರ ಮೇಲೆ ಕೇಸು ಹಾಕಬೇಕೋ ಬೇಡವೋ ಅನ್ನುವ ಬಗ್ಗೆ ಸರ್ಕಾರಿ ವಕೀಲರಿಗೆ ಸೂಚನೆ ಹೊರಡಿಸಬೇಕು ಅಂತಲೂ ಅದರಲ್ಲಿದೆ. ಇದು ಇವರ ಸ್ವಂತ ಬುದ್ಧಿಯೂ ಅಲ್ಲ. ಯುರೋಪಿನ ದೇಶಗಳು 2005ರಲ್ಲೇ ಒಪ್ಪಂದ ಮಾಡಿಕೊಂಡಿದ್ದವು, ಸಾಕ್ಷಿ ಹೇಳುತ್ತಾರೋ ಇಲ್ಲವೋ ಅನ್ನುವುದಕ್ಕೂ ನೆರವಿಗೂ ಸಂಬಂಧ ಇರಬಾರದು ಅಂತ.

ಇದರ ಗುಟ್ಟು ದುಡ್ಡಿನಲ್ಲಿಲ್ಲ. ಮೂರು ಹೊತ್ತು ಊಟ, ರಾತ್ರಿ ಭಯವಿಲ್ಲದ ನಿದ್ದೆ, ಹಲ್ಲುನೋವಿಗೆ ಔಷಧ ಸಿಕ್ಕ ಮನುಷ್ಯ ತಾನಾಗೇ ಬಾಯಿ ಬಿಡುತ್ತಾನೆ. ಹೆದರಿ, ಹಸಿದು, ಊರಿಂದೂರಿಗೆ ಅಲೆದ ಸಾಕ್ಷಿ ಎದುರಿನ ವಕೀಲ ಗದರಿದರೆ ಸಾಕು, ನನಗೇನೂ ಗೊತ್ತಿಲ್ರಿ ಅನ್ನುತ್ತಾಳೆ. ಇನ್ನು ಎದುರಿನವರು ಬಸ್ ಚಾರ್ಜು ಕೊಟ್ಟು, ಮೇಲೊಂದಿಷ್ಟು ಕೈಗಿಟ್ಟರೆ? ನಮ್ಮ ಓಣಿಯ ಹುಡುಗಿಗೆ ಹಾಗೆ ಕೊಡಲು ಬಂದವರಿದ್ದರು. ಅವಳು ತಗೊಳ್ಳಲಿಲ್ಲ. ತಗೊಂಡಿದ್ದರೂ ನಾನು ಬೈಯುತ್ತಿರಲಿಲ್ಲ.

ಇಟ್ಟಂಗಿ ಭಟ್ಟಿಯದೂ ಇದೇ ಕಥೆ. ಗುಳೆ ಹೋಗುವುದು ನಮಗೇನು ಹೊಸದಲ್ಲ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ, ಯಾವ ಕಡೆ ಹೋದರೂ ದೀಪಾವಳಿ ಆದ ಮೇಲೆ ಮುದುಕರು ಮಕ್ಕಳು ಮಾತ್ರ ಉಳಿದ ಊರು ಸಿಗುತ್ತವೆ. ಎಲ್ಲ ಗುಳೆಯೂ ಸಾಗಾಣಿಕೆ ಅಲ್ಲ. ಆದರೆ ಮುಂಗಡ ಕೊಟ್ಟು ಕರೆದೊಯ್ದು, ಲೆಕ್ಕ ತೀರಲಿಲ್ಲ ಅಂತ ಬಿಡದೇ ಇಟ್ಟುಕೊಂಡರೆ ಅದು ಜೀತ. ಹಾಗೆ ಸಿಕ್ಕಿಬಿದ್ದವರಿಗೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಸಾಗಾಣಿಕೆ ಅಥವಾ ಲೈಂಗಿಕ ಶೋಷಣೆಯಿಂದ ಬಿಡಿಸಿದವರಿಗೆ 3 ಲಕ್ಷ ರೂಪಾಯಿ ಅಂತ 2016ರಲ್ಲಿ ಮಾಡಿದರು. ತಕ್ಷಣಕ್ಕೆ ಕೊಡುವುದು ಮೊದಲು 20 ಸಾವಿರ ಇತ್ತು, ಆಮೇಲೆ 30 ಸಾವಿರದವರೆಗೆ ಅಂತ ಏರಿಸಿದರು. ಉಳಿದ ದೊಡ್ಡ ಮೊತ್ತ? ಜಿಲ್ಲಾಡಳಿತಕ್ಕೆ ಮೇಲ್ನೋಟಕ್ಕೆ ಜೀತ ಅಂತ ಕಂಡರೆ ಪ್ರಸ್ತಾವ ತಡೆಯಬಾರದು ಅಂತ ಒಂದು ಸಾಲು ಬರೆದು, ಅದರ ಹಿಂದೆಯೇ ಅಂತಿಮ ಹಣ ಮಾತ್ರ ನ್ಯಾಯಾಂಗ ಪ್ರಕ್ರಿಯೆಯಲ್ಲಿ ಸಾಬೀತಾದ ಮೇಲೆ ಅಂತ ಇನ್ನೊಂದು ಸಾಲು ಬರೆದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ಅಷ್ಟರಲ್ಲಿ ಆ ಮನೆಯವರು ಮಗಳ ಮದುವೆಗೋ ಆಸ್ಪತ್ರೆಗೋ ಮತ್ತೆ ಯಾವುದೋ ಮೇಸ್ತ್ರಿ ಹತ್ತಿರ ಮುಂಗಡ ಎತ್ತಿರುತ್ತಾರೆ. ಬಿಡಿಸಿ ತಂದವರಿಗೆ ಬದುಕಿನ ದಾರಿ ಮಾಡದಿದ್ದರೆ ಮತ್ತೆ ಅದೇ ಜೀತಕ್ಕೆ ಬೀಳುತ್ತಾರೆ ಅಂತ ಸುಪ್ರೀಂ ಕೋರ್ಟು 1984ರಲ್ಲೇ, ನೀರಜಾ ಚೌಧರಿ ಪ್ರಕರಣದಲ್ಲಿ ಎಚ್ಚರಿಸಿತ್ತು.

ಹೊಟ್ಟೆಯುರಿಯುವ ಇನ್ನೊಂದು ವಿಷಯ ಇದೆ. ನಾನು ಗ್ಲಾಸ್ಗೋದಲ್ಲಿ ಕಂಡು ಬೆರಗಾದ ಮಾತನ್ನು ನಮ್ಮ ದೇಶ ಆಗಲೇ ಬರೆದಿತ್ತು. 2018ರಲ್ಲಿ ಲೋಕಸಭೆಯಲ್ಲಿ ಮಾನವ ಸಾಗಾಣಿಕೆ ಮಸೂದೆ ಪಾಸಾಯಿತು, ಜುಲೈ 26ಕ್ಕೆ. ಆರೋಪಿಯ ಮೇಲೆ ಕೇಸು ಶುರುವಾಗಿದೆಯೋ ಇಲ್ಲವೋ, ಅದರ ಫಲಿತಾಂಶ ಏನೋ, ಅದಕ್ಕೂ ನೊಂದವರ ಪುನರ್ವಸತಿಗೂ ಗಂಟು ಹಾಕುವಂತಿಲ್ಲ ಅಂತ ಅದರಲ್ಲಿತ್ತು. ಪುನರ್ವಸತಿಗೆ ಅಂತಲೇ ಒಂದು ನಿಧಿಯೂ ಇತ್ತು. ರಾಜ್ಯಸಭೆಗೆ ಬರುವಷ್ಟರಲ್ಲಿ ಚುನಾವಣೆ ಬಂತು, 2019ರಲ್ಲಿ ಮಸೂದೆ ಬಿದ್ದುಹೋಯಿತು. 2021ರಲ್ಲಿ ಇನ್ನೊಂದು ಕರಡು ಬಂತು, ಅದು ಕಾಯ್ದೆಯಾಗಲಿಲ್ಲ. ಆ 2018ರ ಮಸೂದೆಯನ್ನು ವಿರೋಧಿಸಿದವರಿಗೂ ಕಾರಣ ಇತ್ತು. ರೇಡ್ ಮಾಡು, ಹೋಮಿಗೆ ಹಾಕು ಅನ್ನುವ ಹಳೆಯ ದಾರಿಯೇ ಅದರಲ್ಲೂ ಉಳಿದಿತ್ತು. ಟೀವಿ ಇರುವ ಹೋಮಿನ ಕಥೆ ಕೇಳಿದ ಮೇಲೆ ಆ ವಿರೋಧ ನನಗೂ ಅರ್ಥವಾಗುತ್ತದೆ. ಆದರೆ ಆ ಒಂದು ಸಾಲನ್ನಾದರೂ ಉಳಿಸಿಕೊಳ್ಳಬಹುದಿತ್ತಲ್ವಾ?

ನಮ್ಮ ಕಡೆ ಈ ಮಾತು ಆಡುವಾಗ ಮುತ್ತು ಕಟ್ಟುವುದನ್ನು, ಅಂದರೆ ಹುಡುಗಿಯರನ್ನು ದೇವದಾಸಿ ಮಾಡುವುದನ್ನು ಬಿಟ್ಟು ಮಾತಾಡಲಾಗುವುದಿಲ್ಲ. ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿ ಬಂದ ಮೇಲೆ ಯಾರ ಮನೆಯ ಹುಡುಗಿ ಶಾಲೆ ಬಿಟ್ಟಳು, ಆಮೇಲೆ ಮುಂಬೈಯಿಂದ ಮನಿಯಾರ್ಡರ್ ಯಾರಿಗೆ ಬರುತ್ತಿತ್ತು ಅಂತ ನನ್ನ ವಯಸ್ಸಿನವರಿಗೆಲ್ಲ ಗೊತ್ತು. 1982ರ ಕಾಯ್ದೆ ಹುಡುಗಿಯರನ್ನು ದೇವದಾಸಿಯಾಗಿ ದೇವರಿಗೆ ಬಿಡುವುದನ್ನು ಅಪರಾಧ ಮಾಡಿತು. ಬಿಟ್ಟ ಮೇಲೆ ಆಕೆ ಹೇಗೆ ಬದುಕಬೇಕು ಅಂತ ಹೆಚ್ಚೇನೂ ಹೇಳಲಿಲ್ಲ. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಂದಿಯನ್ನು ಲೆಕ್ಕಕ್ಕೆ ತಂದರು. ಆ ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ. ಸಮೀಕ್ಷೆಯವರು ಬಂದ ದಿನ ಗುಳೆ ಹೋಗಿದ್ದವಳು, ಮುಂಬೈಯಲ್ಲಿದ್ದವಳು, ನಾಚಿಕೆಯಿಂದ ಬಾಗಿಲು ಹಾಕಿಕೊಂಡವಳು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲ ಅಂದರೆ ದೇವದಾಸಿಯೇ ಅಲ್ಲ. ಇಲ್ಲೂ ಮೊದಲು ಸಾಬೀತು, ಆಮೇಲೆ ಅನ್ನ. 2025ರಲ್ಲಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿತು. ಈ ಸಲ ಹೆಸರಿನಲ್ಲೇ ಪರಿಹಾರ, ಪುನರ್ವಸತಿ ಎರಡೂ ಇವೆ, ಮಕ್ಕಳ ಹಕ್ಕಿನ ಮಾತೂ ಇದೆ. ಅದು ಕೌಂಟರಿಗೆ ಬಂದಾಗ ಏನಾಗುತ್ತದೆ ನೋಡಬೇಕು.

ಇದನ್ನೆಲ್ಲ ನಮ್ಮ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ರಾಯಚೂರಿನಲ್ಲಿ ವಕೀಲಿ ಮಾಡುತ್ತಾನೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ ಹಾಕಿದ. "90 ದಿನ ಆದಮ್ಯಾಲ ಆ ಹೆಣ್ಮಗಳನ್ನ ಅಲ್ಲೇ ಇರಾಕ ಬಿಡ್ತಾರೇನು?"

ಅದೇ ನನಗೆ ಇಷ್ಟವಿಲ್ಲದ ಪ್ರಶ್ನೆ. ಬಿಡಲೇಬೇಕು ಅಂತೇನಿಲ್ಲ. ನೆರವು ಕೊಡುವುದು ಸ್ಕಾಟ್ಲೆಂಡ್ ಸರ್ಕಾರ, ಆದರೆ ಆಕೆ ಸಾಗಾಣಿಕೆಗೆ ಒಳಗಾದವಳು ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ಲಂಡನ್ನಿನ ಗೃಹ ಇಲಾಖೆ. ವಲಸೆಗಾರರನ್ನು ವಾಪಸ್ ಕಳಿಸುವ ಇಲಾಖೆಯೂ ಅದೇ. 2024ರಲ್ಲಿ ಇಡೀ ಬ್ರಿಟನ್ನಿನಿಂದ 19 ಸಾವಿರಕ್ಕೂ ಜಾಸ್ತಿ ಜನರ ಹೆಸರು ಅವರ ಮುಂದೆ ಬಂದವು. ಅಂತಿಮ ತೀರ್ಮಾನಕ್ಕೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿ ಕಾಯುವುದು ಇಲ್ಲೂ ಇದೆ. ಹೌದು, ಇವಳು ನೊಂದವಳು ಅಂತ ಒಪ್ಪಿದ ಮೇಲೂ ಇಲ್ಲೇ ಉಳಿಯುವ ಹಕ್ಕು ತಾನಾಗೇ ಬರುವುದಿಲ್ಲ. ಆಶ್ರಯ ಕೇಳಿ ಕಾಯುವವರಿಗೆ ದುಡಿಯಲು ಪರವಾನಗಿ ಸಿಗುವುದು ಬಲು ಕಷ್ಟ. ಇನ್ನು ಮನೆಗೆಲಸದವರ ವೀಸಾ. 2012ರಲ್ಲಿ ಅದನ್ನು 6 ತಿಂಗಳಿಗೆ ಇಳಿಸಿ, ಕರೆತಂದ ಧಣಿಗೇ ಕಟ್ಟಿಹಾಕಿದರು. ಬಹಳ ಜನ ಕೂಗಾಡಿದ ಮೇಲೆ 2016ರಲ್ಲಿ ಧಣಿ ಬದಲಿಸಬಹುದು ಅಂದರು, ಅದೂ ಆ 6 ತಿಂಗಳ ಒಳಗೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಹಿಡಿದುಕೊಳ್ಳುವ ವಿದ್ಯೆ ನಮ್ಮವರಿಗೆ ಮಾತ್ರ ಗೊತ್ತು ಅಂದುಕೊಳ್ಳಬೇಕಿಲ್ಲ.

ಅಣ್ಣ ಅಲ್ಲಿಗೆ ಬಿಡಲಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ತೆಗೆದ. ಆ ಕಾಯ್ದೆಯಲ್ಲಿ ಜೀತದ ಸಾಲ ಅಲ್ಲಿಗೇ ಸತ್ತುಹೋಗುತ್ತದೆ, ಒಂದು ಪೈಸೆ ತೀರಿಸಬೇಕಿಲ್ಲ. ಇದು ಜೀತದ ಸಾಲ ಅಂತ ಕೂಲಿಯವನು ಸಾಬೀತು ಮಾಡಬೇಕಿಲ್ಲ, ಅಲ್ಲ ಅಂತ ಸಾಹುಕಾರನೇ ಸಾಬೀತು ಮಾಡಬೇಕು. 1982ರಲ್ಲಿ ಏಷ್ಯನ್ ಗೇಮ್ಸ್ ಕಾಮಗಾರಿಯ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೂ ಅದು ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟು ಹೇಳಿತು. "ನಿಮ್ಮ ದೇಶದಾಗ ಇಷ್ಟು ಗಟ್ಟಿ ಮಾತು ಐತೇನು?" ಅಂದ. ನಿಮ್ಮ ದೇಶ ಅಂತೆ! ಇಲ್ಲ, ನನಗೆ ಗೊತ್ತಿರುವ ಮಟ್ಟಿಗೆ ಇಷ್ಟು ಗಟ್ಟಿಯಾಗಿ ಇಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟು ಕೊಟ್ಟ ಆದೇಶವನ್ನೂ ಅವನೇ ನೆನಪಿಸಿದ. ಹೋಮುಗಳಲ್ಲಿ ಇಷ್ಟವಿಲ್ಲದೆ ಇಟ್ಟಿರುವ ವಯಸ್ಕ ಹೆಂಗಸರು ಎಷ್ಟು ಜನ ಅಂತ ಸಮೀಕ್ಷೆ ಮಾಡಿ, ಅವರನ್ನು ಬಿಡುವ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಅದರಲ್ಲಿ ಹೇಳಿದ್ದಾರೆ. ಕೀಲಿಯ ವಿಚಾರ ಕೋರ್ಟಿಗೂ ತಟ್ಟಿದೆ.

ಇನ್ನೊಂದನ್ನೂ ಒಪ್ಪಬೇಕು, ಒಲ್ಲದ ಮನಸ್ಸಿನಿಂದಲೇ. ಆ ತೆಲುಗು ಹೆಂಗಸಿಗೆ ಇಲ್ಲಿ ಎಲ್ಲ ಕೊಟ್ಟರು. ಮಾತಾಡಲು ಯಾರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ನಾನೂ ಆಕೆಗೆ ಫೋನ್ ಮಾಡುವಂತಿಲ್ಲ, ನಿಯಮ. ಬೀಗವಿಲ್ಲದ ಕೋಣೆ, ಬಿಸಿನೀರು, ಹೊರಗೆ ನಾಲ್ಕು ಗಂಟೆಗೇ ಕತ್ತಲು. ನಮ್ಮ ಓಣಿಯ ಹುಡುಗಿ ವಾಪಸ್ ಬಂದಾಗ ಮೊದಮೊದಲು ಜನ ಬಾಯಿಗೆ ಬಂದಂತೆ ಆಡಿದರು, ಸುಳ್ಳಲ್ಲ. ಅವಳ ಅಣ್ಣ ಈಗಲೂ ಮನೆಗೆ ಸೇರಿಸಿಲ್ಲ. ಆದರೆ ಅವಳ ಚಿಗವ್ವ ಮೊದಲ ಶುಕ್ರವಾರವೇ ತಲೆಗೆ ಎಣ್ಣೆ ಹಚ್ಚಿ ಎರೆದು, ಹಸಿರು ಕುಬಸ ಕೊಟ್ಟು ಉಡಿ ತುಂಬಿದಳು. ಯಾರು ಏನಂತಾರೆ ನೋಡೋಣ ಅಂತ ಬಾಗಿಲು ತೆರೆದಿಟ್ಟೇ ತುಂಬಿದಳಂತೆ. ಸಂಘದ ಹೆಂಗಸರು ಸರದಿ ಹಾಕಿಕೊಂಡು ರಾಯಚೂರು ಸ್ಟೇಷನ್ನಿನ ತನಕ ಜೊತೆಗೆ ಬರುತ್ತಾರೆ. ಎಳ್ಳಮಾಸಿಗೆ ಚರಗ ಚೆಲ್ಲಲು ಕರೆಯುತ್ತಾರೆ. ಇದನ್ನು ಯಾವ ಕಾಯ್ದೆಯ ಯಾವ ಕಲಮಿನಲ್ಲೂ ಬರೆಯಲಾಗುವುದಿಲ್ಲ.

ಆದರೆ ಚಿಗವ್ವ ಉಡಿ ತುಂಬುತ್ತಾಳೆ ಅಂತ ಸರ್ಕಾರ ಸುಮ್ನೆ ಕೂತರೆ ಹೇಗೆ? ಚಿಗವ್ವನೂ ಕೂಲಿಯವಳೇ. ಅವಳ ರೇಷನ್ ಕಾರ್ಡಿನಲ್ಲಿ ಈ ಹುಡುಗಿಯ ಹೆಸರು ಸೇರಿಸುವುದಕ್ಕೇ ವರ್ಷ ಹಿಡಿಯಿತು.

ಹಾಗಾಗಿ ಅಣ್ಣನ ಹತ್ತಿರ ಜಗಳ ಪೂರ್ತಿ ಬಿಡಲಿಲ್ಲ. ದೆಹಲಿಯಲ್ಲಿ ಹೊಸ ಕಾಯ್ದೆ ಬರುವ ತನಕ ಕಾಯಬೇಕಾದ ಕೆಲಸ ಇದಲ್ಲ. ಪರಿಹಾರದ ಯೋಜನೆ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ನೊಂದವರು ಈಗ ಎಲ್ಲಿ ಬದುಕುತ್ತಿದ್ದಾರೋ ಅಲ್ಲೇ ಅರ್ಜಿ ತಗೊಳ್ಳಬೇಕು, ಮಧ್ಯಂತರ ಹಣ ಇಂತಿಷ್ಟು ದಿನದೊಳಗೆ ಕೊಡಬೇಕು, ಕೇಸಿನ ಹಂತ ಕೇಳಬಾರದು ಅಂತ ಬೆಂಗಳೂರಿನಿಂದ ಒಂದು ಆದೇಶ ಬಂದರೆ ಆ ಕಚೇರಿಯ ಗುಮಾಸ್ತರು ಬೇಡ ಅನ್ನುತ್ತಾರೆಯೇ? ಅವರು ಆದೇಶ ಇದ್ದರೆ ಮಾಡುವ ಮನುಷ್ಯ, ಚಹಾ ಕುಡಿಸಿದ ಮನುಷ್ಯ. ಸಾಕ್ಷಿಯನ್ನು ವಿಡಿಯೋದಲ್ಲಿ ಪಡೆಯಬಹುದು ಅಂತ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ. ರಾಯಚೂರಿನ ಕೋರ್ಟಿನಲ್ಲಿ ಕೂತು ಪುಣೆಗೆ ಹೇಳಿಕೆ ಕೊಟ್ಟರೆ ಆಗದೇನು? ನಾನು ಗ್ಲಾಸ್ಗೋದಲ್ಲಿ ಕೂತು ದಿನಾ ಅವ್ವನ ಮುಖ ನೋಡುತ್ತೇನೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ವಿಡಿಯೋಗೆ ಅರ್ಜಿ ಹಾಕಿಸುತ್ತೇನೆ, ಪುಣೆಯಲ್ಲಿ ನನಗೆ ಪರಿಚಯದ ವಕೀಲರಿದ್ದಾರೆ ಅಂದ. ಫೀಸು ಎಷ್ಟು ಅಂತ ಕೇಳಿದೆ. ಸಾಗಾಣಿಕೆಗೆ ಒಳಗಾದವರಿಗೆ 1987ರ ಕಾನೂನು ಸೇವಾ ಕಾಯ್ದೆಯ 12ನೇ ಕಲಂನಲ್ಲಿ ವಕೀಲರು ಪುಕ್ಕಟೆ, ಆದಾಯ ಕೇಳುವಂತಿಲ್ಲ, 15100ಕ್ಕೆ ಫೋನ್ ಮಾಡಿದರೂ ಸಾಕು ಅಂತ ನನಗೇ ಪಾಠ ಹೇಳಿದ. ಹಾಗಾದರೆ ಇಷ್ಟು ದಿನ ಯಾಕೆ ಮಾಡಲಿಲ್ಲ ಅಂದೆ. ಅದಕ್ಕೆ ಅವನು ಉತ್ತರ ಕೊಡಲಿಲ್ಲ, ಮಳೆ ಹೇಗಿದೆ ಅಂತ ಕೇಳಿದ.

ಮುಂದಿನ ಪೇಶಿ ದೀಪಾವಳಿ ಆದ ಮೇಲಂತೆ. ಪರಿಹಾರದ ಅರ್ಜಿಗೆ ಅಲ್ಲಿಯ ತನಕ ಕಾಯಬೇಕಿಲ್ಲ. ಅದನ್ನು ಕನ್ನಡದಲ್ಲಿ ಬರೆದು ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಈ ಸಲ ಮೊಹರು ಹಾಕಿದ ಸ್ವೀಕೃತಿ ಕೈಗೆ ಬರುವ ತನಕ ಕೌಂಟರ್ ಬಿಟ್ಟು ಕದಲಬೇಡ ಅಂತ ಹುಡುಗಿಗೆ ಹೇಳಿದ್ದೇನೆ. ಚಿಗವ್ವನನ್ನೂ ಕರೆದುಕೊಂಡು ಹೋಗುತ್ತಾಳಂತೆ.